ಕರುವಿಗೊಂದು ನ್ಯಾಯ, ಕೂಸಿಗೊಂದು ನ್ಯಾಯ

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ವರ್ಷ, ಅಂದರೆ ೧೯೪೬ರಲ್ಲಿ, ಕುಂದಾಣದ ನಮ್ಮ ಮನೆಯಲ್ಲಿ ಒಂದೇ ದಿನ ಎರಡು ಹೆರಿಗೆಯಾದವು. ಬೆಳಿಗ್ಗೆ ನನ್ನದು, ಮಧ್ಯಾಹ್ನ ನಮ್ಮ ಹಸು ಕೆಂಪಿಯದು. ನಾನು ಹೆಣ್ಣು ಹೆತ್ತೆ, ಅವಳೂ ಹೆಣ್ಣುಗರು ಹಾಕಿದಳು. ಮನೆಯವರೆಲ್ಲ ನನ್ನ ಕೋಣೆಗೆ ಒಂದು ಸಲ ಇಣುಕಿದರೆ ಕೊಟ್ಟಿಗೆಗೆ ಹತ್ತು ಸಲ ಇಣುಕಿದರು. ನನಗೆ ಉರಿದುಹೋಗಿತ್ತು. ಈಗ ಹೇಳಿದರೆ ಮಕ್ಕಳು ನಗುತ್ತಾರೆ.

ಅದು ನನ್ನ ಎರಡನೇ ಬಾಣಂತನ. ಮೊದಲನೆಯದು ತವರಲ್ಲಿ ಆಗಿತ್ತು. ಆ ಗಂಡುಕೂಸು ಹುಟ್ಟಿದಾಗ ಗುಂಡುಗುಂಡಾಗಿತ್ತು. ಹೆಸರಿಡುವ ಮೊದಲೇ ಜ್ವರ ಬಂತು, ಹಾಲು ಚೀಪುವುದನ್ನು ಬಿಟ್ಟಿತು, ಹೋಗಿಬಿಟ್ಟಿತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಕೆಲವರು ದೃಷ್ಟಿ ಅಂದರು, ಕೆಲವರು ನನ್ನ ಹಣೆಬರಹ ಅಂದರು. ಹಾಗಾಗಿ ಈ ಮಗಳನ್ನು ತಂದು ಪಕ್ಕದಲ್ಲಿ ಮಲಗಿಸಿದಾಗ ನನಗಿದ್ದದ್ದು ಒಂದೇ ಯೋಚನೆ. ಇದಾದರೂ ಉಳಿಯಬೇಕು.

ಆ ಕಾಲದಲ್ಲಿ ನಮ್ಮ ಕಡೆ ತಾಯಿಯ ಮೊದಲ ಹಾಲನ್ನು ಕೂಸಿಗೆ ಕೊಡುತ್ತಿರಲಿಲ್ಲ. ಹಳದಿಯಾಗಿ, ಅಂಟಂಟಾಗಿ ಇರುತ್ತದಲ್ಲ, ಅದು ಕೆಟ್ಟ ಹಾಲು, ಕೂಸಿನ ಹೊಟ್ಟೆಗೆ ಆಗುವುದಿಲ್ಲ ಅನ್ನೋರು. ಬಿಳಿ ಹಾಲು ಇಳಿಯುವವರೆಗೂ ಅದನ್ನು ಹಿಂಡಿ ಚೆಲ್ಲಬೇಕು. ಅಲ್ಲಿಯವರೆಗೆ ಕೂಸಿಗೆ ಬಟ್ಟೆ ಅದ್ದಿ ಬೆಲ್ಲದ ನೀರು, ನಾಲಿಗೆಗೆ ಒಂದಿಷ್ಟು ಹರಳೆಣ್ಣೆ. ಮೊದಲ ಮಗನಿಗೂ ಹಾಗೇ ಮಾಡಿದ್ದೆವು. ಈ ಸಲವೂ ಅತ್ತೆ ಒಂದು ಹಳೇ ಬಟ್ಟೆ ತಂದುಕೊಟ್ಟು, ಇದಕ್ಕೆ ಹಿಂಡಿಬಿಡು, ಒಂದು ತೊಟ್ಟೂ ಅದರ ಬಾಯಿಗೆ ಬೀಳಬಾರದು ಅಂತ ಹೇಳಿ ಹೋದರು. ನಮ್ಮತ್ತೆ ಕೆಟ್ಟವರಲ್ಲ, ಬಾಯಿ ಜೋರು ಅಷ್ಟೇ. ನನ್ನ ಬಾಯೇನೂ ಕಮ್ಮಿ ಇರಲಿಲ್ಲ, ಆದರೆ ಆವತ್ತು ಮಾತಾಡಲು ತ್ರಾಣವಿರಲಿಲ್ಲ.

ನಾನು ಮಲಗಿದ್ದ ಕೋಣೆಗೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಆಚೆ ಹಸು ಬಾಲ ಬೀಸಿದರೂ ಈಚೆ ಕೇಳಿಸೋದು. ನಮ್ಮ ಯಜಮಾನರಿಗೆ ಗಿಣ್ಣು ಅಂದರೆ ಪ್ರಾಣ. ಕೆಂಪಿ ಕರು ಹಾಕಿದ್ದೇ ತಡ, ಚೊಂಬು ಹಿಡಿದು ಕೆಚ್ಚಲಿಗೆ ಕೈ ಹಾಕಿದರು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿಕೊಂಡು ತಿನ್ನುವ ಆತುರ. ಅತ್ತೆ ಬಂದು ಅವರ ಕೈಗೆ ಫಟ್ ಅಂತ ಕೊಟ್ಟ ಸದ್ದು ನನಗೆ ಚೆನ್ನಾಗಿ ಕೇಳಿಸಿತು.

"ಬಿಡ್ಲಾ ಕೆಚ್ಚಲ. ಮೊದ್ಲು ಕರ ಹೊಟ್ಟೆ ತುಂಬ ಕುಡೀಲಿ. ಹುಟ್ಟಿದ ತಕ್ಷಣ ಗಿಣ್ಣು ಕುಡೀದಿರೋ ಕರ ಉಳಿಯಲ್ಲ ಕಣ್ಲಾ. ಜ್ವರವೋ ಬೇದಿಯೋ ಬಂದು ಹೊರಟೋಯ್ತದೆ."

ಹಿಂಡುತ್ತಿದ್ದ ನನ್ನ ಕೈ ನಿಂತುಹೋಯಿತು. ಬಟ್ಟೆಯ ಮೇಲಿದ್ದ ಹಳದಿ ಹಾಲನ್ನು ನೋಡಿದೆ. ಥೇಟ್ ಗಿಣ್ಣಿನ ಬಣ್ಣವೇ. ಹುಟ್ಟಿದ ಮನೆಯಲ್ಲೂ ಹಸು, ಸೇರಿದ ಮನೆಯಲ್ಲೂ ಹಸು. ಎಷ್ಟೋ ಕರುಗಳ ಬಾಯಿ ಹಿಡಿದು ನಾನೇ ಗಿಣ್ಣು ಕುಡಿಸಿದ್ದೆ. ಒಂದು ದಿನಕ್ಕೂ ಈ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ. ಎಲ್ಲಿತ್ತೋ ತ್ರಾಣ, ಗೋಡೆಯಾಚೆಗೆ ಕೇಳುವ ಹಾಗೆ ಅಂದುಬಿಟ್ಟೆ.

"ಅತ್ತೆ, ನಿಮ್ಮ ಮೊಮ್ಮಗಳು ಆ ಕರಕ್ಕಿಂತ ಕಡೇನಾ?"

ನಮ್ಮ ಯಜಮಾನರು ಒಂದು ಸಲ ಕೆಮ್ಮಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಅತ್ತೆ ಒಳಗೆ ಬಂದರು. ಇವತ್ತು ನನಗೆ ಮಂಗಳಾರತಿ ಅಂದುಕೊಂಡು ಕೂತಿದ್ದೆ. ಅವರು ಆ ಬಟ್ಟೆ ತೆಗೆದುಕೊಂಡು ಹಾಲನ್ನು ಬೆರಳಲ್ಲಿ ಉಜ್ಜಿದರು, ಮೂಸಿದರು. ಆಮೇಲೆ ಹೋಗಿ ಕೈ ತೊಳೆದು ಬಂದು, ಕೂಸನ್ನು ತಾವೇ ಎತ್ತಿ ನನ್ನ ಎದೆಗೆ ಹಚ್ಚಿದರು. ನನ್ನ ಮಗಳು ಕಣ್ಣು ಮುಚ್ಚಿಕೊಂಡು ಚೀಪಿದ್ದೇ ಚೀಪಿದ್ದು.

ಆಮೇಲಿನ ದಿನಗಳಲ್ಲಿ ನಮ್ಮಿಬ್ಬರಿಗೂ ಜೀವದಲ್ಲಿ ಜೀವವಿರಲಿಲ್ಲ. ಅತ್ತೆ ಗಳಿಗೆಗೊಂದು ಸಲ ಬಂದು ಕೂಸಿನ ಹಣೆ ಮುಟ್ಟೋರು, ಹೊಟ್ಟೆ ಮುಟ್ಟೋರು. ನೋಡಲು ಬಂದ ಹೆಂಗಸರು, ಕೆಟ್ಟ ಹಾಲು ಕುಡಿಸಿದ್ದೀರಂತಲ್ಲ ಅಂತ ಗುಸುಗುಸು ಶುರುಮಾಡಿದರು. ಕೂಸಿಗೆ ಏನಾದರೂ ಆಗಿದ್ದರೆ ಊರು ನಮ್ಮನ್ನು ಹುರಿದು ಮುಕ್ಕುತ್ತಿತ್ತು. ಅತ್ತೆ ಮಾತ್ರ ಅವರ ಕೈಗೆ ಒಂದೊಂದು ತುಂಡು ಗಿಣ್ಣು ಕೊಟ್ಟು, ಇದನ್ನ ತಿಂದು ಸುಮ್ಮನೆ ಮನೆಗೆ ಹೋಗಿ ಅಂದರು.

ಜ್ವರ ಬರಲೇ ಇಲ್ಲ. ಮೊದಲ ಕೂಸು ಕಣ್ಣು ಮುಚ್ಚಿದಷ್ಟು ದಿನ ದಾಟಿದ ಮೇಲೂ ನನ್ನ ಮಗಳು ಮನೆ ಹಾರಿಹೋಗುವ ಹಾಗೆ ಅಳುತ್ತಿದ್ದಳು. ಆ ಅಳು ಕೇಳಿ ನಾನು ನಗುತ್ತಿದ್ದೆ. ಹೆಸರಿಡುವ ದಿನ ಒಬ್ಬಟ್ಟು ಮಾಡಿದೆವು. ಆವತ್ತು ಕೂಸಿಗೆ ಎಣ್ಣೆ ಹಚ್ಚುತ್ತಾ ಅತ್ತೆ ನನ್ನ ಮುಖ ನೋಡದೆ ಹೇಳಿದರು: "ನಂದೂ ಮೂರು ಹೋದ್ವು ಕಣಮ್ಮ. ಮೂರಕ್ಕೂ ನಾನೇ ಹಿಂಡಿ ಚೆಲ್ಲಿದ್ದೆ." ನಾನು ಅವರ ಹತ್ತಿರ ಸರಿದು ಕೂತೆ.

ಮೊನ್ನೆ ಆ ಮಗಳ ಮಗಳಿಗೆ ಹೆರಿಗೆಯಾದಾಗ ಡಾಕ್ಟರಮ್ಮನನ್ನು ಇದರ ಬಗ್ಗೆ ಕೇಳಿದೆ. ತಾಯಿಯ ಮೈಯಲ್ಲಿ ರೋಗದ ಜೊತೆ ಹೋರಾಡುವ ಶಕ್ತಿ ಇರುತ್ತದಂತೆ. ಅದರಲ್ಲಿ ಒಂದು ಪಾಲು ಕೂಸಿಗೆ ಹೊಟ್ಟೆಯೊಳಗಿದ್ದಾಗಲೇ ಸಿಗುತ್ತದಂತೆ, ಇನ್ನೊಂದು ಪಾಲು ಆ ಹಳದಿ ಹಾಲಿನಲ್ಲಿ ಬರುತ್ತದಂತೆ. ಕರುವಿಗಾದರೆ ಹೊಟ್ಟೆಯೊಳಗೆ ಸಿಗುವುದೇ ಇಲ್ಲ, ಎಲ್ಲಾ ಗಿಣ್ಣಿನಿಂದಲೇ ಅಂದರು. ನನ್ನ ಮೊದಲ ಮಗ ಹೋದದ್ದು ಅದಕ್ಕೇ ಇರಬಹುದೇ ಅಂತ ಕೇಳಲು ಬಾಯಿ ಬರಲಿಲ್ಲ. ಅದು ಯಾರಿಗೆ ಗೊತ್ತು.

ಅತ್ತೆ ಇದ್ದಷ್ಟು ದಿನ ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕರೆಯದೇ ಹೋಗಿ ಕೂರೋರು. ಕೂಸು ಎದೆಗೆ ಬೀಳುವವರೆಗೂ ಏಳುತ್ತಿರಲಿಲ್ಲ. ಇದನ್ನ ಯಾರು ಹೇಳಿದ್ದು ಅಂತ ಯಾರಾದರೂ ಜಗಳಕ್ಕೆ ಬಂದರೆ, ಸೊಸೆಯರಿಗೆ ತಲೆ ಎತ್ತಿ ಮಾತಾಡಲೂ ಬಿಡದ ಆ ಕಾಲದಲ್ಲಿ, ಊರೆಲ್ಲ ಕೇಳುವ ಹಾಗೆ ಹೇಳೋರು: "ನನ್ನ ಸೊಸೆ ಹೇಳ್ಕೊಟ್ಟಿದ್ದು."