ತಳ ಕಾಣದ ಈಜುಕೊಳ

ಸಾಣಾಪುರದ ಒಂದು ರೆಸಾರ್ಟಿನಲ್ಲಿ ಈಜುಕೊಳದ ನೀರು ಮಜ್ಜಿಗೆಯಂತಾಗಿತ್ತು. ಅದರಲ್ಲೇ ಮಕ್ಕಳು ಆಡುತ್ತಿದ್ದರು. ರಿಪೇರಿಗೆ ಹೋದ ನಾನು ಫಿಲ್ಟರ್ ತೆರೆದು ನೋಡಿದರೆ, ಒಳಗೆ ಮನೆ ಕಟ್ಟುವ ಉಸುಕು! ಫಿಲ್ಟರಿಗೆ ಒಂದೇ ಗಾತ್ರದ, ತೊಳೆದ ಉಸುಕು ಬೇಕು. ಇಲ್ಲದಿದ್ದರೆ ಅದರ ಮಣ್ಣೇ ಕೊಳಕ್ಕೆ ಹೋಗುತ್ತದೆ. ಇದನ್ನು ವಿವರಿಸಲೇಬೇಕು, ತಪ್ಪು ತಿಳಿಯಬೇಡಿ.

"ಮೊದಲ ಮಕ್ಕಳನ್ನ ಹೊರಗ ಕರೀರಿ. ತಳ ಕಾಣವಲ್ದು, ಯಾರರ ಮುಳುಗಿದ್ರ ಗೊತ್ತಾಗೂದಿಲ್ಲ," ಎಂದು ರೆಸಾರ್ಟಿನ ಮ್ಯಾನೇಜರನಿಗೆ ಹೇಳಿದೆ.

ಅವನು ನಕ್ಕ. "ಕೆರ್ಯಾಗ ತಳ ಕಾಣತೈತೇನ್ರಿ? ಭಾಳ ಅಂಜಬ್ಯಾಡ್ರಿ."

ನನ್ನ ಮೈ ಉರಿಯಿತು. ಕೊಳದ ಪಕ್ಕದ ಮೇಜಿನ ಮೇಲಿದ್ದ ಅವನ ಕಾರಿನ ಚಾವಿ ಎತ್ತಿ ನೀರಿಗೆ ಎಸೆದೆ.

"ಏಯ್, ಎಲ್ಲಾರೂ ಹೊರಗ ಬರ್ರಿ! ಚಾವಿ ತುಳಿದೀರಿ!" ಎಂದು ಅವನೇ ಚೀರಿದ.

ಕೊಳ ಖಾಲಿಯಾಯಿತು. ಈಗ ಎಲ್ಲಿಗೆ ಹೋದರೂ ಫಿಲ್ಟರಿಗಿಂತ ಮೊದಲು ಮ್ಯಾನೇಜರನ ಚಾವಿ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.