ಕಿರುಗುಟ್ಟುವ ಶಟರು

ನಮ್ಮ ಭಾವನ ಫೋನ್ ನಂಬರು ಕಾಣದ ಬೀದಿ ಈ ಊರಿನಲ್ಲಿಲ್ಲ. ಬೆಳಿಗ್ಗೆ ಅಂಗಡಿ ಸಾಲಿನಲ್ಲಿ ನಡೆದು ನೋಡಿ. ಇಳಿಸಿದ ಶಟರುಗಳ ಎಡಮೂಲೆಯಲ್ಲಿ ಕಪ್ಪು ಬಣ್ಣದಲ್ಲಿ "ಶಟರ್ ರಿಪೇರಿ" ಎಂದಿರುತ್ತದೆ, ಅದರ ಕೆಳಗೆ ನಂಬರು. ಹೆಸರಿಲ್ಲ. ಬಣ್ಣ ಹೊಡೆಯಲು ತಗಡಿನಲ್ಲಿ ಆ ಅಕ್ಷರ ಕೊರೆದುಕೊಟ್ಟವನು ನಾನೇ. ಹೆಸರೂ ಕೊರೆಯಲಾ ಎಂದು ಕೇಳಿದ್ದೆ.

"ಶಟರ್ ಸಿಕ್ಕಾಕ್ಕೊಂಡೋನಿಗೆ ನನ್ನ ಹೆಸರು ಕಟ್ಕೊಂಡು ಏನಾಗ್ಬೇಕಯ್ಯಾ? ನಂಬರ್ ಸಾಕು" ಎಂದಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕ ಹೋಗಿ ವರ್ಷಗಳಾದವು, ನಾವಿಬ್ಬರೂ ಒಂದೇ ಶೆಡ್ಡಿನಲ್ಲಿ ಉಳಿದೆವು. ಅರ್ಧದಲ್ಲಿ ನನ್ನ ವೆಲ್ಡಿಂಗ್, ಇನ್ನರ್ಧದಲ್ಲಿ ಅವರ ಪಟ್ಟಿ, ಪೈಪು, ಗ್ರೀಸಿನ ಡಬ್ಬ. ನನಗೆ ಕೋಪ ಮೂಗಿನ ತುದಿಯಲ್ಲಿ ಎನ್ನುತ್ತಾರೆ ಜನ. ಇರಬಹುದು. ಭಾವನ ಕೋಪ ಹಾಗಲ್ಲ, ಅದು ಹೊರಗೆ ಕಾಣುವುದಿಲ್ಲ. ಶಟರಿನ ಸ್ಪ್ರಿಂಗ್ ಇದ್ದ ಹಾಗೆ, ಮೇಲಿನ ಪೈಪಿನೊಳಗೆ ಸುತ್ತಿಕೊಂಡು ಕೂತಿರುತ್ತದೆ.

ಅಂಗಡಿಯವರು ಅವರನ್ನು ಬೆನ್ನ ಹಿಂದೆ "ಅರ್ಧ ಶಟರ್" ಎನ್ನುತ್ತಾರೆ. ಬಲ ತೋಳು ಈಗ ಭುಜದ ಮಟ್ಟಕ್ಕಿಂತ ಮೇಲೆ ಸುಲಭವಾಗಿ ಏಳುವುದಿಲ್ಲ. ಜೀವಮಾನವಿಡೀ ಎರಡೂ ಕೈ ಮೇಲೆತ್ತಿ ಮಾಡುವ ಕೆಲಸ. ಸ್ಪ್ರಿಂಗಿಗೆ ಬಿಗಿ ಕೊಡುವಾಗ ಪೈಪಿನ ತೂತಿಗೆ ಸಲಾಕೆ ಹಾಕಿ ತಿರುಗಿಸಿ ಹಿಡಿದುಕೊಳ್ಳಬೇಕು, ಬೋಲ್ಟು ಕೂರುವವರೆಗೆ ಬಿಡುವಂತಿಲ್ಲ. ಬಿಟ್ಟರೆ ಸಲಾಕೆ ತಿರುಗಿ ಬಂದು ಮುಖವೇ ಹೋಗುತ್ತದೆ. ಮನೆಗೆ ಬಂದರೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲೂ ಆ ಕೈ ಏಳುವುದಿಲ್ಲ.

ದಣಿವು ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಫೋನು ಅವರನ್ನು ಅದಕ್ಕಿಂತ ಹೆಚ್ಚಾಗಿ ತಿಂದಿತು. ಗೊತ್ತಿಲ್ಲದ ನಂಬರನ್ನು ಬಿಡುವಂತಿಲ್ಲ, ಅನ್ನ ಬರುವುದೇ ಗೊತ್ತಿಲ್ಲದ ನಂಬರಿನಿಂದ. ಆದರೆ ಕೆಲಸ ಮುಗಿದ ಮೇಲೂ ಜನ ಬಿಡುವುದಿಲ್ಲ. ಬೀಗ ಬಿಗಿಯಾಗಿದೆ ಎಂದು ಒಬ್ಬ. ಸದ್ದು ಮೊದಲಿನ ಹಾಗಿಲ್ಲ ಎಂದು ಇನ್ನೊಬ್ಬ. ಶಟರ್ ಮೇಲಿನ ಡಬ್ಬದಲ್ಲಿ ಬೆಕ್ಕು ಮರಿ ಹಾಕಿದೆ, ಬಂದು ತೆಗೆಯಿರಿ ಎಂದು ಮತ್ತೊಬ್ಬ. ಬೆಕ್ಕಿಗೂ ನಮ್ಮ ಭಾವನಿಗೂ ಏನು ಸಂಬಂಧ? ತುತ್ತು ಬಾಯಿಗಿಡುವಷ್ಟರಲ್ಲಿ ಗಂಟೆ. ಊಟ ಆರಿ ತಣ್ಣಗಾದ ಮೇಲೆ ಸುಮ್ಮನೆ ಕಲಸುತ್ತಾ ಕೂರುತ್ತಿದ್ದರು.

ಅದನ್ನು ನೋಡಲಾರದೆ ಉಪಾಯ ಹೇಳಿಕೊಟ್ಟವಳು ಅವರ ಒಬ್ಬಳೇ ಮಗಳು. ತಾನು ಹೊಸ ಫೋನು ಕೊಂಡಾಗ ಮೂಲೆ ಒಡೆದ ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದಳು.

"ನೋಡಪ್ಪ, ಬಂದ ನಂಬರಿನ ಮೇಲೆ ಒತ್ತಿ ಹಿಡ್ಕೋ. ಬ್ಲಾಕ್ ಅಂತ ಬರುತ್ತೆ, ಒತ್ತು. ಮುಗೀತು, ಈ ಜನ್ಮದಲ್ಲಿ ಮತ್ತೆ ಕಾಟ ಇಲ್ಲ."

"ಅವರಿಗೆ ಗೊತ್ತಾಗುತ್ತೇನೇ?"

"ಇಲ್ಲಪ್ಪ. ನೀನು ಬೇರೆ ಯಾರ ಜೊತೆಗೋ ಮಾತಾಡ್ತಿದೀಯ ಅನ್ಕೋತಾರೆ."

ಭಾವ ಅಷ್ಟು ನಕ್ಕಿದ್ದನ್ನು ನಾನು ಅಕ್ಕ ಹೋದ ಮೇಲೆ ನೋಡಿರಲಿಲ್ಲ. ಅಂದಿನಿಂದ ಅದು ಅವರ ಕೆಲಸದ ಕೊನೆಯ ಕಟ್ಟಳೆಯಾಯಿತು. ಶಟರ್ ಮೇಲೆ ಕೆಳಗೆ ಆಡಿಸಿ ನೋಡುವುದು, ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕುವುದು, ಅಂಗಡಿಯವನ ನಂಬರ್ ಬ್ಲಾಕ್ ಮಾಡುವುದು, ಸೈಕಲ್ ಹತ್ತುವುದು. ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ.

"ಇದು ಸರಿಯಾ ಭಾವ?" ಎಂದು ಕೇಳಿದೆ.

"ನಿಜವಾಗ್ಲೂ ಕೆಟ್ಟೋಗಿದ್ರೆ ನಡ್ಕೊಂಡು ಬರ್ತಾರೆ. ಫೋನ್ ಮಾಡೋರು ಬರೀ ಗೊಣಗೋರು."

ಆ ಮಾತಿಗೆ ಸಾಕ್ಷಿಯೂ ಸಿಕ್ಕಿತು. ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನ ಮುಟ್ಟುವ ಒಂದು ಊರಿನಲ್ಲಿ ಪಾತ್ರೆ ಅಂಗಡಿಯವರ ಶಟರ್ ಸರಿಮಾಡಿ ಬಂದಿದ್ದರು, ಅವರ ನಂಬರನ್ನೂ ಬಸ್ಸಿನಲ್ಲೇ ಬ್ಲಾಕ್ ಮಾಡಿದ್ದರು. ಶಟರ್ ಕಿರುಗುಟ್ಟುತ್ತಿದೆ ಎಂದು ಹೇಳಲು ಆ ಯಜಮಾನರು ಒಂದು ದಿನ ಮಗನನ್ನು ಕರೆದುಕೊಂಡು ಶೆಡ್ಡಿಗೇ ಬಂದರು. ಕುಡಿಯಲು ನೀರು ಕೊಟ್ಟವಳು ನಮ್ಮ ಹುಡುಗಿ. ಶಟರಿನ ಮಾತು ಅಲ್ಲೇ ನಿಂತಿತು, ಸಂಬಂಧದ ಮಾತು ಶುರುವಾಯಿತು. ಮದುವೆಯಾಗಿ ಅವಳು ಆ ಅಂಗಡಿಯ ಹಿಂದಿನ ಮನೆಗೆ ಹೋದಳು. ಭಾವನ ಊಟದ ಡಬ್ಬಿ ಕಟ್ಟುವುದು ನನ್ನ ಹೆಂಡತಿಯ ಪಾಲಿಗೆ ಬಂತು.

ಮಗಳು ಬಸುರಿ ಎಂದು ತಿಳಿದಾಗ ಭಾವ ನೋಡಿಬರಲು ಹೋದರು. ಹೋದವರು ಸುಮ್ಮನೆ ಇರಬಾರದೇ? ಅಳಿಯ ಶಟರ್ ಎಳೆದನಂತೆ, ಅದು ಕಿರ್ರೆಂದಿತಂತೆ. ಇವರು ನಾಲ್ಕು ಜನ ಗಿರಾಕಿಗಳ ಮುಂದೆ, "ಶಟರ್‌ಗೆ ಒಂದ್ತೊಟ್ಟು ಎಣ್ಣೆ ಹಾಕೋ ಗತಿ ಇಲ್ಲ, ನನ್ನ ಮಗಳನ್ನ ಏನ್ ನೋಡ್ಕೋತೀರಪ್ಪ ನೀವು?" ಎಂದರಂತೆ. ಅಳಿಯನೂ ಏನೋ ಅಂದ. ಮಗಳು ಗಂಡನ ಪರ ನಿಂತಳು. ಭಾವ ಊಟ ಮಾಡದೆ ಬಸ್ಸು ಹತ್ತಿದರು. ಬಸ್ಸಿನಲ್ಲಿ ಕೂತು ಅಳಿಯನ ನಂಬರ್ ಬ್ಲಾಕ್ ಮಾಡಿ, ಫೋನಿನಲ್ಲಿದ್ದ ಅವನ ಹೆಸರನ್ನೂ ಅಳಿಸಿಹಾಕಿದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ?

ಮಗಳ ಫೋನು ಆಮೇಲೂ ಕೆಲವು ಸಲ ಬಂತು, ಬಿಗಿ ಬಿಗಿ ಮಾತು. ಒಂದು ದಿನ ನಿಂತಿತು. ಇವರೇ ಮಾಡಿದರೆ ಸ್ವಿಚ್ ಆಫ್. ನಾನು ಮಾಡಿದರೂ ಅದೇ. ವಾರಗಳು ಕಳೆದವು, ತಿಂಗಳು ತುಂಬುತ್ತಾ ಬಂತು. ಹೆರಿಗೆಯಾಯಿತೋ ಇಲ್ಲವೋ, ಹುಡುಗಿ ಹೇಗಿದ್ದಾಳೋ, ಒಂದೂ ಗೊತ್ತಿಲ್ಲ. ಭಾವ ಶಟರಿನ ಕೆಳಗೆ ಕೂತು ಗ್ರೀಸ್ ಹಚ್ಚುತ್ತಾ ಹಚ್ಚುತ್ತಾ ಕೈ ನಿಲ್ಲಿಸಿಬಿಡುತ್ತಿದ್ದರು.

"ಅಳಿಯನಿಗೆ ಮಾಡಿ ಭಾವ" ಎಂದೆ.

"ನಂಬರ್ ಇಲ್ಲ."

"ಬ್ಲಾಕಿನಿಂದ ತೆಗೀರಿ, ಸಿಗುತ್ತೆ."

ಫೋನನ್ನು ನನ್ನ ಕಡೆ ಚಾಚಿದರು. ಮೆಲ್ಲಗೆ ಹೇಳಿದರು: "ಹಾಕೋದು ಹೇಳ್ಕೊಟ್ಲು ಕಣಯ್ಯಾ. ತೆಗೆಯೋದು ಹೇಳ್ಕೊಡ್ಲಿಲ್ಲ."

ನನ್ನ ಹತ್ತಿರವೂ ಆ ಮನೆಯವರ ಬೇರೆ ನಂಬರಿರಲಿಲ್ಲ. ನಾನೂ ಆ ಫೋನನ್ನು ಉಜ್ಜಿ ತಿಕ್ಕಿ ನೋಡಿದೆ. ಎಲ್ಲಿ ಅಡಗಿಸಿಟ್ಟಿದೆಯೋ ಹಾಳಾದ್ದು. ತಲೆ ಚಿಟ್ಟು ಹಿಡಿಯಿತು. "ನಾನೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದೆ.

"ಹೋದ್ರೆ ಈ ಶೆಡ್ಡಿಗೆ ವಾಪಸ್ ಬರಬೇಡ. ಅವಳಿಗೆ ಅಪ್ಪ ಬೇಡ ಅಂದ್ರೆ ಅಪ್ಪನಿಗೇನು ದರ್ದು?" ಎಂದರು. ಹಾಗೆಂದವರು ರಸ್ತೆಯಲ್ಲಿ ಯಾರದೋ ಫೋನ್ ಸದ್ದಾದರೂ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಔಷಧಿ ಅಂಗಡಿಯ ಅಮ್ಮ ಬಿಸಿಲಲ್ಲಿ ನಡೆದು ಶೆಡ್ಡಿಗೆ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಅಂಗಡಿಯ ಕೀಲಿ ಗೊಂಚಲು, ಮುಖ ಕೆಂಪು.

"ಬೆಳಗಿಂದ ಎಷ್ಟು ಸಲ ಮಾಡೋದ್ರೀ ನಿಮಗೆ? ಯಾವಾಗ ನೋಡಿದ್ರೂ ಬ್ಯುಸಿ. ಮಂತ್ರಿಗಳೇನ್ರೀ ನೀವು? ಶಟರ್ ಅರ್ಧಕ್ಕೆ ನಿಂತಿದೆ. ಗಿರಾಕಿಗಳು ಬಗ್ಗಿಕೊಂಡು ಒಳಗೆ ಬರ್ತಿದಾರೆ. ಸೊಂಟನೋವಿನ ಮಾತ್ರೆ ಕೇಳೋಕೆ ಬಗ್ಗಿ ಬರಬೇಕಾ ಜನ?"

"ಬ್ಯುಸಿ ಅಲ್ಲಮ್ಮ, ಬ್ಲಾಕು. ಹೋದ ಸಲ ಕೆಲಸ ಮುಗಿಸಿದಾಗಲೇ ನಿಮ್ಮನ್ನ ಬ್ಲಾಕ್ ಮಾಡಿದಾರೆ" ಎಂದು ನಾನು ಹೇಳಿಯೇಬಿಟ್ಟೆ. ಭಾವ ನನ್ನನ್ನು ನುಂಗುವ ಹಾಗೆ ನೋಡಿದರು.

"ನನ್ನನ್ನಾ? ನಾನೇನ್ರೀ ಮಾಡಿದ್ದೆ?"

"ನೀವಷ್ಟೇ ಅಲ್ಲ, ಊರಿಗೆ ಊರೇ ಇದೆ ಅದರಲ್ಲಿ. ಅಳಿಯನೂ ಇದಾನೆ. ತೆಗೆಯೋದು ಗೊತ್ತಾದ್ರೆ ನೀವಾದ್ರೂ ತೆಗೆದುಕೊಡಿ. ಮಗಳು ತುಂಬಿದ ಬಸುರಿ, ಸುದ್ದಿ ಇಲ್ಲ."

ಆ ಅಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು. ನನ್ನ ಸ್ಟೂಲಿನ ಮೇಲೆ ಕೂತು ಫೋನ್ ಇಸಿದುಕೊಂಡರು. "ಇಲ್ಲಿ ನೋಡಿ, ಫೋನಿನ ಗುರುತು ಒತ್ತಿ. ಮೇಲುಗಡೆ ಮೂರು ಚುಕ್ಕೆ ಇದೆಯಲ್ಲ, ಅದು. ಅಲ್ಲಿ ಸೆಟ್ಟಿಂಗ್ಸ್. ಇಗೋ, ಬ್ಲಾಕ್ ಆದ ನಂಬರುಗಳು."

ಮೂರು ಚುಕ್ಕೆ! ನಾನು ಅದನ್ನು ಗಾಜಿನ ಮೇಲೆ ಕೂತ ಕೊಳೆ ಎಂದು ಉಗುರಲ್ಲಿ ಕೆರೆದಿದ್ದೆ.

ಬೆರಳಿನಿಂದ ತಳ್ಳಿದಷ್ಟೂ ನಂಬರುಗಳು ಮೇಲೆ ಹೋಗುತ್ತಲೇ ಇದ್ದವು. ಒಂದಕ್ಕೂ ಹೆಸರಿಲ್ಲ. ಭಾವ ಗೋಡೆಗೆ ಒರಗಿ ನೋಡುತ್ತಿದ್ದರು. ತಾವು ಎತ್ತಿದ ಶಟರುಗಳೆಲ್ಲ ಒಟ್ಟಿಗೆ ಬಂದು ಎದುರು ನಿಂತ ಹಾಗಿತ್ತು ಅವರ ಮುಖ.

"ಇದರಲ್ಲಿ ಅಳಿಯಂದಿರದು ಯಾವುದು?"

"ಗೊತ್ತಿಲ್ಲಮ್ಮ."

"ಹಾಗಾದ್ರೆ ಎಲ್ಲಾನೂ ತೆಗೀಬೇಕು. ಪಕ್ಕದಲ್ಲಿ ಇಂಟು ಗುರುತಿದೆಯಲ್ಲ, ಅದನ್ನ ಒತ್ತಿದ್ರೆ ತೆಗೀಲಾ ಅಂತ ಕೇಳುತ್ತೆ. ಹೂಂ ಅನ್ನಿ."

"ಒಂದೇ ಸಲಕ್ಕೆ ಆಗಲ್ವಾ?"

"ಒಂದೇ ಸಲಕ್ಕೆ ಹಾಕಿದ್ರಾ?"

ಭಾವ ಒತ್ತತೊಡಗಿದರು. ಗ್ರೀಸಿನ ಹೆಬ್ಬೆರಳು, ಒಡೆದ ಗಾಜು. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಅವರು ತೆಗೆದ ನಂಬರುಗಳಿಗೆ ನನ್ನ ಫೋನಿನಿಂದ ಮಾಡತೊಡಗಿದೆ. "ಶಟರ್‌ನವರ ಕಡೆಯಿಂದ" ಎಂದರೆ ಸಾಕು, ಮೊದಲನೆಯವನು "ಓಹೋ, ಈಗ ನೆನಪಾಯ್ತಾ?" ಎಂದು ಮುಖಕ್ಕೆ ಉಗಿದ ಹಾಗೆ ಮಾತಾಡಿದ. ಎರಡನೆಯವನು ಕೀಲಿ ಮುರಿದ ಕಥೆ ತೆಗೆದ. ಮೂರನೆಯವನು ಬೆಕ್ಕಿನವನು, ಮರಿಗಳು ಬೆಳೆದು ಹೋದವಂತೆ. ನಾಲ್ಕನೆಯವನಿಗೆ ನಾನೇ ಬಾಯಿಗೆ ಬಂದದ್ದು ಅಂದೆ.

ಅಷ್ಟರಲ್ಲಿ ಎಲ್ಲ ತೆಗೆದು ಮುಗಿಸಿದ ಭಾವ ನನ್ನ ಕೈ ಹಿಡಿದರು. "ಸಾಕು ಬಿಡಯ್ಯಾ. ಸಂಜೆ ಒಂದೊಂದಾಗಿ ನಾನೇ ಮಾಡ್ತೀನಿ. ಮೊದಲು ಅಮ್ಮನ ಶಟರ್ ನೋಡೋಣ. ಔಷಧಿ ಅಂಗಡಿ ಅದು, ಜನಕ್ಕೆ ಬೇಕು."

ಸ್ಪ್ರಿಂಗ್ ಸಡಿಲಾಗಿತ್ತು. ಎಲ್ಲ ಬಿಚ್ಚಿ ಮತ್ತೆ ಕೂರಿಸುವಷ್ಟರಲ್ಲಿ ಬೀದಿಯಲ್ಲಿ ದೀಪ ಹತ್ತಿತು. ಭಾವ ಏಣಿಯ ಮೇಲೆ, ಎರಡೂ ಕೈ ಮೇಲೆ, ಸಲಾಕೆ ತಿರುಗಿಸಿ ಹಿಡಿದಿದ್ದಾರೆ. ಬಲ ತೋಳು ನಡುಗುತ್ತಿದೆ. ನಾನು ಪಕ್ಕದ ಸ್ಟೂಲಿನ ಮೇಲೆ ಬೋಲ್ಟು ಕೂರಿಸುತ್ತಿದ್ದೇನೆ. ಅಮ್ಮ ಕೆಳಗೆ ಟಾರ್ಚ್ ಹಿಡಿದಿದ್ದಾರೆ. ಆಗಲೇ ಭಾವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದೆ. ಬರೀ ನಂಬರು.

"ಯಾರು?"

"ಹೆಸರಿಲ್ಲ."

"ಯಾವನೋ ಗೊಣಗೋನು. ಬಿಟ್ಟಿದ್ದೇ ತಪ್ಪಾಯ್ತು. ಮತ್ತೆ ಬ್ಲಾಕ್ ಮಾಡು" ಎಂದರು ಹಲ್ಲು ಕಚ್ಚಿ.

ಬ್ಲಾಕ್ ಮಾಡುವ ಮುಂಚೆ ಆ ಗೊಣಗುವವನಿಗೆ ಎರಡು ಮಾತು ಕೊಡಬೇಕೆನಿಸಿತು. ಒತ್ತಿದೆ. "ಯಾರ್ರೀ ಅದು? ಹೊತ್ತು ಗೊತ್ತು ಇಲ್ವಾ ನಿಮಗೆ?"

ಆ ಕಡೆಯಿಂದ ನಮ್ಮ ಹುಡುಗಿಯ ದನಿ, "ಮಾವ?"

"ಯಾವ ನಂಬರೇ ಇದು?" ಎಂದೆ.

"ನನ್ನ ಫೋನು ನೀರಿಗೆ ಬಿದ್ದು ಸತ್ತೋಯ್ತು ಮಾವ. ಸಿಮ್ಮೂ ಹೋಯ್ತು. ನಮ್ಮ ಮಾವನವರ ಅಂಗಡಿಯ ಹಳೇ ಸಿಮ್ಮು ಹಾಕ್ಕೊಂಡಿದೀನಿ. ಎಷ್ಟು ಸಲ ಮಾಡಿದ್ರೂ ಬ್ಯುಸಿ. ನಮ್ಮನೆಯವರು ಮಾಡಿದ್ರೂ ಬ್ಯುಸಿ. ಅಪ್ಪ ಬೇಕಂತಲೇ ಕಟ್ ಮಾಡ್ತಿದಾರೆ ಅನ್ಕೊಂಡೆ."

"ನನಗೆ ಮಾಡಬಾರದಿತ್ತೇನೇ?"

"ನಿಮ್ಮ ನಂಬರು ಯಾವ ಶಟರ್ ಮೇಲಿದೆ ಮಾವ? ಅಪ್ಪಂದು ನಮ್ಮಂಗಡಿ ಶಟರ್ ಮೇಲೆ ದಿನಾ ಕಣ್ಮುಂದೆ ಇದೆ. ಇವರು ಸಂಜೆ ಶಟರ್ ಇಳಿಸೋ ಸದ್ದು ಕೇಳಿದಾಗೆಲ್ಲ ಒಂದ್ಸಲ ಒತ್ತಿ ನೋಡ್ತಿದ್ದೆ."

ಪಾತ್ರೆ ಅಂಗಡಿಯ ಆ ಹಳೆಯ ನಂಬರು! ಸಂಬಂಧ ಕುದುರುವ ಮುಂಚೆಯೇ ಬಸ್ಸಿನಲ್ಲಿ ಬ್ಲಾಕಾದದ್ದು. ಬೈಯಬೇಕೆಂದರೆ ಯಾರನ್ನು ಬೈಯಲಿ?

"ಯಾರಯ್ಯಾ?" ಎಂದರು ಭಾವ. ಕೈ ಬಿಡುವಂತಿಲ್ಲ, ತಿರುಗುವಂತಿಲ್ಲ. ನಾನು ಫೋನನ್ನು ಅವರ ಕಿವಿಗೆ ಒತ್ತಿ ಹಿಡಿದೆ.

"ಅಪ್ಪಾ" ಎಂದದ್ದು ನನಗೂ ಕೇಳಿಸಿತು. ಭಾವ ಕಿವಿಯನ್ನು ಫೋನಿಗೆ ಇನ್ನೂ ಒತ್ತಿದರು. ಆ ಕಡೆಯಿಂದ ಕಿರ್ರೆಂದು ಒಂದು ಎಳೆ ಸದ್ದು ಬಂತು.

"ಆ ಶಟರ್‌ಗೆ ಇನ್ನೂ ಎಣ್ಣೆ ಹಾಕಿಲ್ವೇನೇ?" ಎಂದರು.

"ಅದು ಶಟರ್ ಅಲ್ಲಪ್ಪ."

ಟಾರ್ಚಿನ ಬೆಳಕು ಅಲುಗಿತು, ಅಮ್ಮನಿಗೂ ಅರ್ಥವಾಗಿತ್ತು. ಭಾವ ಹಾಗೇ ನಿಂತಿದ್ದರು. ಮುಖ ಒರೆಸಿಕೊಳ್ಳಲು ಎರಡರಲ್ಲಿ ಒಂದು ಕೈಗೂ ಬಿಡುವಿರಲಿಲ್ಲ.

"ಯಾವಾಗ?"

"ಹೋದ ತಿಂಗಳೇ. ಕಷ್ಟ ಆಯ್ತಪ್ಪ. ಆಸ್ಪತ್ರೇಲಿ ನಿನ್ನನ್ನೇ ಕೇಳ್ತಿದ್ದೆ. ಇವರು ಹೊರಗೆ ನಿಂತು ನಿನಗೆ ಒತ್ತಿದ್ದೇ ಒತ್ತಿದ್ದು. ಬಸ್ಸು ಹತ್ತಿ ಬರ್ತೀನಿ ಅಂದ್ರು, ನಾನೇ ಬೇಡ ಅಂದೆ. ಬೇಡ ಅಂದೋರ ಬಾಗಿಲಿಗೆ ಯಾಕೆ ಅಂತ."

ಭಾವ ಕಣ್ಣು ಮುಚ್ಚಿದರು. "ನಾನು ಕಟ್ ಮಾಡ್ಲಿಲ್ಲಮ್ಮ" ಎಂದರು. "ಆ ಹುಡುಗನಿಗೆ ಹೇಳು. ಬೆಳಗಿನ ಬಸ್ಸಿಗೆ ಬರ್ತಿದೀನಿ. ಎಣ್ಣೆ ನಾನೇ ತರ್ತೀನಿ, ಅವನ ಮುಂದೆ ಬಾಯಿ ಬಿಡಲ್ಲ" ಎಂದರು. ನನ್ನ ಕಡೆ ಕಣ್ಣು ಹೊರಳಿಸಿ, "ಬೋಲ್ಟ್ ಬಿಗಿ ಮಾಡೋ, ಕೈ ಹೋಗ್ತಿದೆ!" ಎಂದು ಗದರಿದರು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸ್ಪ್ಯಾನರು, ಹೇಗೆ ಬಿಗಿ ಮಾಡಿದೆನೋ ನನಗೇ ಗೊತ್ತಿಲ್ಲ.

ಹೋಗಿ ಮೊಮ್ಮಗಳನ್ನು ನೋಡಿಬಂದರು. ಅಳಿಯ ಮೊದಲ ದಿನ ಮುಖ ಕೊಡಲಿಲ್ಲವಂತೆ. ಎರಡನೆಯ ದಿನ ಶಟರಿನ ಡಬ್ಬ ಬಿಚ್ಚಲು ಅವನೇ ಏಣಿ ಹಿಡಿದನಂತೆ. ಕಳೆದುಹೋದ ತಿಂಗಳ ಮಾತನ್ನು ಇಬ್ಬರೂ ಎತ್ತಲಿಲ್ಲವಂತೆ.

ಈಗ ಭಾವ ಯಾರನ್ನೂ ಬ್ಲಾಕ್ ಮಾಡುವುದಿಲ್ಲ. ಬಿಟ್ಟ ಜನರೆಲ್ಲ ವಾಪಸ್ ಬಂದಿದ್ದಾರೆ, ಕೀಲಿಯವನು, ಸದ್ದಿನವನು, ಬೆಕ್ಕಿನವನು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಗಂಟೆ. ಮಗಳ ನಂಬರನ್ನು ಹೆಸರು ಹಾಕಿ ಇಟ್ಟುಕೊಂಡಿದ್ದಾರೆ, ಆದರೂ ಹೆಸರಿಲ್ಲದ್ದು ಬಂದರೆ ಬಿಡುವ ಧೈರ್ಯವಿಲ್ಲ. ಎಡಗೈಯಲ್ಲಿ ಫೋನ್ ಹಿಡಿದು, "ಹೂಂ ಹೇಳಿ, ಎಲ್ಲಿ ಕಿರುಗುಡ್ತಿದೆ?" ಎನ್ನುತ್ತಾರೆ. ಊಟ ಮೊದಲಿನ ಹಾಗೇ ತಣ್ಣಗಾಗುತ್ತದೆ. ನನಗೆ ಮೈ ಉರಿಯುತ್ತದೆ. ಅವರು ಕಲಸುತ್ತಾ ಕೇಳಿಸಿಕೊಳ್ಳುತ್ತಿರುತ್ತಾರೆ.