ಮೂರು ಕಾಲಿನ ಅಜ್ಜಿ

ಹೊಲಿಗೆ ಯಂತ್ರದ ರಿಪೇರಿಯಣ್ಣನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ: ಅಂಗಡಿಯ ಹಿಂದಿನ ಕೋಣೆಯಲ್ಲೊಂದು ಹಳೇ ಕಂಪ್ಯೂಟರ್, ಅದರೊಳಗೆ ಒಂದಷ್ಟು ಪ್ರಾಣಿಗಳು. ಪ್ರಾಣಿಯೆಂದರೆ ಕಣ್ಣಿಲ್ಲ, ಬಾಯಿಲ್ಲ, ಹಾಗಾಗಿ ಮೇವಿನ ಖರ್ಚೂ ಇಲ್ಲ. ನಾಲ್ಕಾರು ಡಬ್ಬಿಗಳಿಗೆ ಕೀಲು ಹಾಕಿ ಜೋಡಿಸಿದಂಥ ಆಕಾರಗಳು. ಪರದೆಯ ತುಂಬ ಗುಡ್ಡ, ಹಳ್ಳ, ಕಲ್ಲು. ನಡೆಯುವುದನ್ನು ಅವಕ್ಕೆ ಯಾರೂ ಹೇಳಿಕೊಡುವುದಿಲ್ಲ. ಹೆಚ್ಚು ದೂರ ಹೋದವಕ್ಕೆ ಮರಿ; ಮರಿಗಳ ಕೈಕಾಲು ಒಂಚೂರು ಆಚೀಚೆ. ಹಿಂದೆ ಬಿದ್ದವು ಅಳಿಸಿಹೋಗುತ್ತವೆ. ತಲೆಮಾರು ಕಳೆದಂತೆ ಬರೀ ಹೊರಳಾಡುತ್ತಿದ್ದದ್ದು ತೆವಳುತ್ತದೆ, ತೆವಳುತ್ತಿದ್ದದ್ದು ಎದ್ದು ನಡೆಯುತ್ತದೆ.

ಹೆಂಡತಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅವಳ ಮಂಚವೂ ಅದೇ ಕೋಣೆಗೆ ಬಂತು. ದಿನಾ ಸ್ವಲ್ಪ ನಡೆಯಬೇಕು ಎಂದಿದ್ದರು ಡಾಕ್ಟರು. ಅವಳು ವಾಕರಿನ ಮೇಲೆ ಟವೆಲ್ ಒಣಹಾಕಿದ್ದಳು.

ಒಂದು ದಿನ ಪರದೆಯಲ್ಲಿ ಮೂರು ಕಾಲಿನದೊಂದು ಕಾಣಿಸಿತು. ಒಂದು ಕಾಲು ಎಳೆದುಕೊಂಡು, ನಿಂತು, ಹಿಂಗಾಲನ್ನು ಊರುಗೋಲಿನ ಹಾಗೆ ಊರಿ ಗುಡ್ಡ ಹತ್ತುತ್ತಿತ್ತು.

"ರೀ, ಇದು ಥೇಟ್ ನಮ್ಮಜ್ಜಿ ಕಣ್ರೀ! ಎಲ್ರನ್ನೂ ಬೈಕೊಂಡೇ ಹತ್ತೋ ಹಾಗಿದೆ."

ಅವತ್ತಿನಿಂದ ಅದು ಅಜ್ಜಿ. ಟವೆಲ್ ಕೆಳಗಿಳಿಯಿತು. "ಅಜ್ಜಿ ಕಲ್ಲು ದಾಟಿದ್ಲು, ನಾನು ಹೊಸ್ತಿಲು ಮುಟ್ತೀನಿ ನೋಡ್ತಿರಿ" ಎಂದು ಹಲ್ಲು ಕಚ್ಚಿ ಏಳುತ್ತಿದ್ದಳು. ಮುಟ್ಟುತ್ತಲೂ ಇದ್ದಳು.

ಅಕ್ಕನನ್ನು ನೋಡಲು ಭಾವಮೈದುನ ಬಂದ. ಬಟ್ಟೆ ವ್ಯಾಪಾರಿ, ಬಟ್ಟೆ ಅಳೆಯುವಾಗ ಬಿಗಿ, ನಾಲಿಗೆ ಮಾತ್ರ ಧಾರಾಳ.

"ಏನು ಭಾವ, ಇವು ಹತ್ತೋಷ್ಟರಲ್ಲಿ ಗುಡ್ಡಾನೇ ಸವೆದುಹೋಗುತ್ತೆ!"

"ತುಂಬ ದೂರ ಹೋಗುತ್ತೆ ಕಣಯ್ಯಾ."

"ಯಾವಾಗ? ನನ್ನ ಮೊಮ್ಮಕ್ಕಳ ಮದುವೆ ಹೊತ್ತಿಗಾ?"

ಮಾತು ಚುರುಕ್ಕೆಂದಿತು. ಅವನು ಅತ್ತ ಹೋದದ್ದೇ ತಡ, ಹೆಂಡತಿ ಊಟ ಮಾಡಿ ಮಲಗಿದ್ದಾಗ ರಿಪೇರಿಯಣ್ಣ ಲೆಕ್ಕದ ರೀತಿಯನ್ನೇ ಬದಲಿಸಿದ: ಇನ್ನು ದೂರಕ್ಕೆ ಬೆಲೆಯಿಲ್ಲ, ವೇಗಕ್ಕೆ ಮಾತ್ರ. ಅವಳು ಎದ್ದಾಗ ಪರದೆಯ ತುಂಬ ಚಿಗಟದಂತೆ ನೆಗೆಯುವ ನಾಲ್ಕು ಕಾಲಿನವು.

"ನೋಡೇ, ಹೇಗೆ ಹಾರ್ತಿವೆ!"

"ಅಜ್ಜಿ ಎಲ್ಲಿ?"

ತುಕ್ಕು ಹಿಡಿದ ಸ್ಕ್ರೂವನ್ನೂ ಬೇಕಾದೀತು ಎಂದು ಡಬ್ಬಿಗೆ ಹಾಕುವ ಮನುಷ್ಯ ಅಜ್ಜಿಯದೊಂದು ಪ್ರತಿ ಇಟ್ಟಿರಲಿಲ್ಲ.

"ಅದು... ನಿಧಾನ ಇತ್ತಲ್ಲ. ಅಳಿಸಿಹೋಯ್ತು."

"ನಿಧಾನ ಅಂತಲಾ?" ಕೇಳಿದ್ದು ಅಷ್ಟೇ. ಮರುದಿನ ವಾಕರ್ ತಂದು ಮುಂದಿಟ್ಟರೆ "ನಾಳೆ ನೋಡೋಣ" ಎಂದಳು.

ಅವನು ಹಳೇ ಲೆಕ್ಕಕ್ಕೇ ಮರಳಿದ. ಐದು ಕಾಲಿನವು ಬಂದವು, ಉರುಳುವವು ಬಂದವು, ಅಜ್ಜಿ ಬರಲಿಲ್ಲ. ಕೊನೆಗೆ ತಾನೇ ಕೂತು ಮೂರು ಕಾಲು ಜೋಡಿಸಿದ, ನೆನಪಿದ್ದಷ್ಟು ಕುಂಟು ಕೊಟ್ಟ.

"ಏ, ಬಂದ್ಲು ನೋಡೇ ನಿಮ್ಮಜ್ಜಿ!"

ಅವಳು ಮೊಣಕೈ ಊರಿ ಎದ್ದು ಬಹಳ ಹೊತ್ತು ನೋಡಿದಳು. ಅದು ಎಲ್ಲೂ ತಡವರಿಸದೆ ಹತ್ತಿತು.

"ಚೆನ್ನಾಗಿ ಮಾಡಿದ್ದೀರಿ. ಆದ್ರೆ ಇದು ಬಿದ್ದೂ ಎದ್ದೂ ಕಲಿತಿದ್ದಲ್ಲ ಕಣ್ರೀ, ನೀವು ನಡೆಸ್ತಿರೋದು."

"ಕುಂಟೋದು ಹಾಗೇ ಇದೆಯಲ್ಲೇ..."

"ಇದೆ," ಎಂದು ಗೋಡೆಯ ಕಡೆ ಹೊರಳಿದಳು.

ಮೂಳೆ ಕೂಡಿದೆ, ಇನ್ನು ಅವರೇ ಮನಸ್ಸು ಮಾಡಬೇಕು ಅನ್ನುತ್ತಾರೆ ಡಾಕ್ಟರು. ರಿಪೇರಿಯಣ್ಣ ತಲೆಯಾಡಿಸುತ್ತಾನೆ, ಕೆಟ್ಟದ್ದೆಲ್ಲಿ ಎಂದು ಹೇಳುವುದಿಲ್ಲ. ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾನೆ. ಅವಳೂ ಸುಮ್ಮನೆ ಎತ್ತಿಸಿಕೊಳ್ಳುತ್ತಾಳೆ.